ಹಾಲಿನ ದುಡ್ಡಿಗೆ ಯಾವ ಖಾತೆ?

(ರಜತ ಮಹೋತ್ಸವದ ಅಂಗವಾಗಿ ಜರಗಿದ ಸದಸ್ಯರ ಸಮಾವೇಶದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿವಸ ದನದ ತಳಿ, ಮೇವು, ಹಾಲಿನ ಗುಣಮಟ್ಟದ ಬಗ್ಗೆ ತಿಳಿದವರು ಮಾತನಾಡಿದ್ದಾರೆ. ನಮ್ಮ ಪಾಲಿಗೆ ಬಂದ ವಿಷಯ ಬ್ಯಾಂಕ್ ಖಾತೆ. ‘ಅದರಲ್ಲಿ ಹೇಳಲಿಕ್ಕೆ ಎಂತ ಉಂಟು, ಪಾಸ್‌ಬುಕ್ ಎಲ್ಲರ ಮನೆಯಲ್ಲೂ ಉಂಟಲ್ಲ’ ಎಂದು ಕೆಲವರಿಗೆ ಅನ್ನಿಸಬಹುದು. ಪಾಸ್‌ಬುಕ್ ಇದೆ, ನಿಜ. ಆದರೆ ಅದು ಯಾವ ಜಾತಿಯ ಖಾತೆ, ಯಾರ ಹೆಸರಿನಲ್ಲಿದೆ, ನಾಳೆ ನಮಗೇನಾದರೂ ಆದರೆ ದುಡ್ಡು ಯಾರ ಕೈಗೆ ಬರುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮುಖ ಮುಖ ನೋಡುತ್ತೇವೆ. ಸಂಘ ಸುರುವಾದಾಗ ಬಟವಾಡೆಯ ದಿನ ಹಾಲಿನ ದುಡ್ಡನ್ನು ಎಣಿಸಿ ಕೈಗೆ ಕೊಡುತ್ತಿದ್ದೆವು. ಈಗ ದುಡ್ಡು ನೇರ ಖಾತೆಗೆ ಹೋಗುತ್ತದೆ. ಸರಕಾರದ ಪ್ರೋತ್ಸಾಹಧನವೂ ಖಾತೆಗೇ. ಅಂದ ಮೇಲೆ ದನವನ್ನು ನೋಡಿ ಆರಿಸುವ ಹಾಗೆ ಖಾತೆಯನ್ನೂ ನೋಡಿ ಆರಿಸಬೇಕಲ್ಲವೇ?

ನಮ್ಮ ಜಿಲ್ಲೆಯವರಿಗೆ ಬ್ಯಾಂಕು ಹೊಸತಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲವಾದ ಫಂಡನ್ನು ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳ್ತನದಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಹೀಗೆ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಐದು ಬ್ಯಾಂಕುಗಳು ದೇಶವೆಲ್ಲ ಹಬ್ಬಿದವು. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಉಳಿಸುವವನ ಮನೆ ಬಾಗಿಲಿಗೂ ಏಜೆಂಟರು ಹೋಗಿ ಹಣ ಪಡೆದರು. ಹನಿ ಹನಿ ಗೂಡಿ ಹಳ್ಳವಾಗುವುದನ್ನು ನಮ್ಮ ಹಿರಿಯರು ಆಗಲೇ ಮಾಡಿ ತೋರಿಸಿದ್ದಾರೆ. ಆ ಐದರಲ್ಲಿ ಈಗ ಹೆಸರು ಉಳಿದದ್ದು ಕೆನರಾ ಮತ್ತು ಕರ್ಣಾಟಕ ಎರಡಕ್ಕೇ. ವಿಜಯಾ ಬ್ಯಾಂಕ್ 2019ರ ಎಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದೊಂದಿಗೆ, 2020ರ ಎಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದೊಂದಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೆ ಸೇರಿದವು. ಈ ಸೇರ್ಪಡೆಯಿಂದ ನಮಗೆ ಆದ ಒಂದು ತಾಪತ್ರಯದ ಬಗ್ಗೆ ಮುಂದೆ ಹೇಳುತ್ತೇವೆ.

ಮೊದಲು ಖಾತೆಯ ಬಗೆಗಳನ್ನು ನೋಡುವಾ.

ಒಂದನೆಯದು ಸಾಮಾನ್ಯ ಉಳಿತಾಯ ಖಾತೆ. ಎಸ್.ಬಿ. ಖಾತೆ ಅಂತ ನಾವು ಕರೆಯುವುದು ಇದನ್ನೇ. ಹಣ ಹಾಕಬಹುದು, ತೆಗೆಯಬಹುದು, ಸ್ವಲ್ಪ ಬಡ್ಡಿಯೂ ಸಿಗುತ್ತದೆ. ಇದರಲ್ಲಿ ನೋಡಬೇಕಾದದ್ದು ಕನಿಷ್ಠ ಶಿಲ್ಕು. ಕೆಲವು ಬ್ಯಾಂಕುಗಳಲ್ಲಿ ಇಂತಿಷ್ಟು ಹಣ ಯಾವಾಗಲೂ ಇರಬೇಕು, ಕಡಿಮೆಯಾದರೆ ದಂಡ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಈ ನಿಯಮವನ್ನು ತೆಗೆದುಹಾಕಿವೆ. ಆದರೆ ಎಲ್ಲ ಬ್ಯಾಂಕುಗಳೂ ಹಾಗಲ್ಲ. ಪೇಟೆಯ ಕೆಲವು ಖಾಸಗಿ ಬ್ಯಾಂಕುಗಳಲ್ಲಿ ಹತ್ತು ಸಾವಿರ, ಅದಕ್ಕಿಂತ ಹೆಚ್ಚೂ ಇಡಬೇಕಾಗುತ್ತದೆ. ಲೆಕ್ಕ ಹಾಕಿ ನೋಡಿ. ಹತ್ತು ಸಾವಿರವನ್ನು ಶೇಕಡಾ ಎರಡೂವರೆ ಬಡ್ಡಿಯಲ್ಲಿ ಕಟ್ಟಿಟ್ಟರೆ ವರ್ಷಕ್ಕೆ 250 ರೂಪಾಯಿ ಬರುತ್ತದೆ. ಅದನ್ನೇ ಶೇಕಡಾ ಆರರ ನಿರಖು ಠೇವಣಿಯಲ್ಲಿ ಇಟ್ಟರೆ 600. ಹಾಲಿನ ದುಡ್ಡು ಬಂದ ವಾರವೇ ಹಿಂಡಿಗೆ, ಮದ್ದಿಗೆ, ಮಕ್ಕಳ ಫೀಸಿಗೆ ಹೋಗುವ ನಮ್ಮಂಥವರಿಗೆ ಶಿಲ್ಕು ಕಟ್ಟಿಡುವ ಖಾತೆ ಹೇಳಿಸಿದ್ದಲ್ಲ.

ಬಡ್ಡಿಯ ಬಗ್ಗೆ ಇನ್ನೊಂದು ಮಾತು. ‘ಹತ್ತನೇ ತಾರೀಕಿನ ಒಳಗೆ ಹಣ ಕಟ್ಟು, ಇಲ್ಲದಿದ್ದರೆ ಆ ತಿಂಗಳಿನ ಬಡ್ಡಿ ಇಲ್ಲ’ ಎಂದು ಹಿರಿಯರು ಈಗಲೂ ಹೇಳುವುದುಂಟು. ಬ್ಯಾಂಕುಗಳಲ್ಲಿ ಆ ಕ್ರಮ 2010ರ ಎಪ್ರಿಲ್ 1ಕ್ಕೆ ಹೋಯಿತು. ಈಗ ಆಯಾ ದಿನದ ಶಿಲ್ಕಿನ ಮೇಲೆ ಬಡ್ಡಿ. ಆದರೆ ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಈಗಲೂ ಹತ್ತನೇ ತಾರೀಕಿನಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿಗೇ ಬಡ್ಡಿ. ಅಲ್ಲಿ ಬಡ್ಡಿ ಶೇಕಡಾ ನಾಲ್ಕು, ಇಡಬೇಕಾದ ಕನಿಷ್ಠ ಶಿಲ್ಕು 500 ರೂಪಾಯಿ. ಆಗಾಗ ತೆಗೆಯದ, ಸುಮ್ಮನೆ ಬಿದ್ದಿರುವ ಸಣ್ಣ ದುಡ್ಡಿಗೆ ಅದು ಒಳ್ಳೆಯದೇ. ಹಿರಿಯರ ಮಾತು ಪೂರ್ತಿ ಸುಳ್ಳಲ್ಲ, ಜಾಗ ಮಾತ್ರ ಬದಲಾಗಿದೆ.

ಎರಡನೆಯದು ಮೂಲ ಉಳಿತಾಯ ಖಾತೆ. 2014ರ ಆಗಸ್ಟ್ 28ರಿಂದ ಜನಧನ ಅಂತ ತೆರೆದದ್ದೂ ಇದೇ ಜಾತಿಯದ್ದು. ಇದಕ್ಕೆ ಕನಿಷ್ಠ ಶಿಲ್ಕು ಇಲ್ಲ, ದಂಡವಿಲ್ಲ, ಎ.ಟಿ.ಎಂ. ಕಾರ್ಡಿಗೆ ಖರ್ಚಿಲ್ಲ. ಹಣ ಎಷ್ಟು ಸಲ ಬೇಕಾದರೂ ಜಮೆ ಆಗಬಹುದು. ತಿಂಗಳಿಗೆ ಕನಿಷ್ಠ ನಾಲ್ಕು ಸಲ ತೆಗೆಯಲು ಶುಲ್ಕವಿಲ್ಲ. ಮೊಬೈಲಿನಲ್ಲಿ ಕಳುಹಿಸಿದ್ದೂ ಆ ಲೆಕ್ಕಕ್ಕೆ ಸೇರುತ್ತದೋ ಎಂದು ನಿಮ್ಮ ಶಾಖೆಯಲ್ಲಿ ಬಾಯಿಬಿಟ್ಟು ಕೇಳಿಕೊಳ್ಳಿ. ನೆನಪಿಡಬೇಕಾದ ಒಂದು ನಿಯಮ ಉಂಟು: ಈ ಖಾತೆ ಇದ್ದ ಬ್ಯಾಂಕಿನಲ್ಲೇ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ‘ಇದು ಬಡವರ ಖಾತೆ, ನಮಗೆ ಮರ್ಯಾದೆ ಅಲ್ಲ’ ಎನ್ನುವವರೂ ಇದ್ದಾರೆ. ಇದನ್ನು ಯಾರೂ ತೆರೆಯಬಹುದು. ಎರಡು ದನ ಕಟ್ಟಿದವರಿಗೆ, ಬೀಡಿ ಕಟ್ಟುವ ಅಕ್ಕಂದಿರಿಗೆ, ಕೂಲಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಬೇಡ.

ಆದರೆ ಇದನ್ನು ಹೋಲುವ ‘ಸಣ್ಣ ಖಾತೆ’ ಎಂಬುದೊಂದು ಉಂಟು. ಸರಿಯಾದ ದಾಖಲೆ ಇಲ್ಲದವರಿಗೆ ಫೋಟೋ, ಹೆಬ್ಬೆಟ್ಟಿನ ಮೇಲೆ ತೆರೆದು ಕೊಡುವುದು. ಅದರಲ್ಲಿ ಶಿಲ್ಕು 50,000 ದಾಟುವಂತಿಲ್ಲ, ವರ್ಷದಲ್ಲಿ ಒಟ್ಟು ಜಮೆ ಒಂದು ಲಕ್ಷ ಮೀರುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಹಾಲಿನ ದುಡ್ಡು ಬರುವವರೆಗೆ ಏನೂ ಗೊತ್ತಾಗುವುದಿಲ್ಲ. ಅಡಿಕೆ ಮಾರಿದ ದುಡ್ಡು ಒಟ್ಟಿಗೆ ಬಂದ ದಿನ ಸಿಕ್ಕಿಬೀಳುತ್ತೇವೆ. ಅಂಥ ಖಾತೆ ಇದ್ದವರು ಆಧಾರ್, ಪಾನ್ ಕೊಟ್ಟು ಪೂರ್ಣ ಖಾತೆಯಾಗಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು ಚಾಲ್ತಿ ಖಾತೆ. ಅಂಗಡಿ, ಅಡಿಕೆ ವ್ಯಾಪಾರ, ಗುತ್ತಿಗೆ ಕೆಲಸ ಇರುವವರಿಗೆ. ಎಷ್ಟು ಸಲ ಬೇಕಾದರೂ ವ್ಯವಹಾರ ಮಾಡಬಹುದು, ಆದರೆ ಬಡ್ಡಿ ಒಂದು ಪೈಸೆ ಇಲ್ಲ, ಇಡಬೇಕಾದ ಶಿಲ್ಕೂ ಹೆಚ್ಚು. ಹೈನುಗಾರರಿಗೆ ಇದು ಬೇಡ. ಸ್ವಸಹಾಯ ಸಂಘಗಳಿಗೂ ಚಾಲ್ತಿ ಖಾತೆ ಬೇಕಿಲ್ಲ, ಸಂಘದ ಹೆಸರಿನಲ್ಲೇ ಉಳಿತಾಯ ಖಾತೆ ಸಿಗುತ್ತದೆ. ಸಂಘದ ದುಡ್ಡನ್ನು ಒಬ್ಬರ ಸ್ವಂತ ಖಾತೆಯಲ್ಲಿ ಇಡುವ ಕೆಲಸ ಮಾತ್ರ ಬೇಡ. ಜನ ಒಳ್ಳೆಯವರೇ ಇರಬಹುದು, ಆದರೂ ಲೆಕ್ಕ ಬೇರೆ, ಸ್ನೇಹ ಬೇರೆ.

ಬಗೆ ಗೊತ್ತಾಯಿತು. ಇನ್ನು ಯಾವ ಬ್ಯಾಂಕು? ನಮ್ಮದು ಮೂರು ಕಡೆಗೂ ಹೋಗಿ ಬರುವ ಊರು. ತಾಲೂಕು ಕಚೇರಿಗೆ ಬಿ.ಸಿ. ರೋಡು, ಮಕ್ಕಳ ಕಾಲೇಜಿಗೆ ಮೂಡಬಿದಿರೆ, ನೆಂಟಸ್ತಿಕೆಗೆ ವೇಣೂರು, ಬೆಳ್ತಂಗಡಿ. ಹಾಗಾಗಿ ಒಂದೊಂದು ಕಡೆ ಒಂದೊಂದು ಖಾತೆ ಮಾಡಿಟ್ಟವರಿದ್ದಾರೆ. ಮಗನ ವಿದ್ಯಾರ್ಥಿವೇತನಕ್ಕೆ ಒಂದು, ಸಾಲಕ್ಕೆ ಒಂದು, ಪರಿಚಯದ ಮೇನೇಜರು ಹೇಳಿದರೆಂದು ಒಂದು. ಖಾತೆ ಹೆಚ್ಚಾದಷ್ಟು ಮರೆವು ಹೆಚ್ಚು. ಬಡ್ಡಿಯ ಕಾಲು ಶೇಕಡಾ ವ್ಯತ್ಯಾಸಕ್ಕಿಂತ ದಾರಿಯ ದೂರವೇ ನಮಗೆ ದೊಡ್ಡ ಖರ್ಚು. ಪಾಸ್‌ಬುಕ್ಕಿಗೆ ಅಚ್ಚು ಹಾಕಿಸಲಿಕ್ಕೆ ಎರಡು ಬಸ್ಸು ಹಿಡಿದು ಹೋಗಿ ಅರ್ಧ ದಿನ ಕೂತರೆ ಸಂಜೆಯ ಹಾಲು ಕರೆಯುವವರು ಯಾರು? ನಡೆದು ಹೋಗುವ ದೂರದಲ್ಲಿ ಶಾಖೆ ಇದ್ದರೆ ಅದೇ ಶ್ರೇಷ್ಠ. ಹೊರಗೆ ಹೋಗಲಾಗದ ವೃದ್ಧರಿಗೆ 2018ರಲ್ಲಿ ಸುರುವಾದ ಅಂಚೆ ಪಾವತಿ ಬ್ಯಾಂಕು ಉಂಟು, ಪೋಸ್ಟಿನವರೇ ಮನೆಗೆ ಬಂದು ಹೆಬ್ಬೆಟ್ಟು ಪಡೆದು ಹಣ ಕೊಡುತ್ತಾರೆ. ಅದರಲ್ಲಿ ಇಡಬಹುದಾದ ಹಣ ಎರಡು ಲಕ್ಷದವರೆಗೆ ಮಾತ್ರ.

ಸದಸ್ಯರಿಗೆ ನಮ್ಮ ಸಲಹೆ ಇಷ್ಟೇ. ಒಂದು ಮನೆಗೆ ಎರಡು ಖಾತೆ ಸಾಕು. ಒಂದು ಹಟ್ಟಿಯ ಖಾತೆ, ಇನ್ನೊಂದು ಮನೆಯ ಖಾತೆ. ಹಾಲಿನ ದುಡ್ಡು ಹಟ್ಟಿಯ ಖಾತೆಗೆ ಬರಲಿ, ಪಶು ಆಹಾರ, ದನದ ವಿಮೆ, ಡಾಕ್ಟರ ಖರ್ಚು ಅದರಿಂದಲೇ ಹೋಗಲಿ. ವರ್ಷದ ಕೊನೆಗೆ ಪಾಸ್‌ಬುಕ್ ಬಿಡಿಸಿದರೆ ದನ ಸಾಕಿ ಉಳಿಯಿತೋ, ದನ ನಮ್ಮನ್ನು ಸಾಕಿತೋ ಗೊತ್ತಾಗುತ್ತದೆ. ಸಾಲ ಬಾಕಿ ಇರುವ ಬ್ಯಾಂಕಿಗೇ ಹಾಲಿನ ದುಡ್ಡು ಬರುವಂತೆ ಮಾಡುವಾಗಲೂ ಯೋಚಿಸಿ. ಕಂತು ತಪ್ಪಿದ್ದರೆ ಜಮೆಯಾದ ಹಣವನ್ನು ಸಾಲಕ್ಕೆ ಹಿಡಿದುಕೊಳ್ಳುವ ಹಕ್ಕು ಬ್ಯಾಂಕಿಗೆ ಉಂಟು. ಸಾಲ ಕಟ್ಟಬಾರದು ಎಂದಲ್ಲ, ಕಟ್ಟಲೇಬೇಕು. ಆದರೆ ನಾಳೆ ಹಿಂಡಿ ತರಲು ಇಟ್ಟದ್ದು ಇಂದು ರಾತ್ರಿ ಹೋದರೆ ದನ ಉಪವಾಸ, ಮುಂದಿನ ಕಂತೂ ಉಪವಾಸ.

ಇನ್ನು ಬಹಳ ಮುಖ್ಯವಾದ ಮಾತು. ಖಾತೆ ಯಾರ ಹೆಸರಿನಲ್ಲಿ?

ಹಟ್ಟಿ ತೊಳೆಯುವುದು, ಹುಲ್ಲು ತರುವುದು, ಹಾಲು ಕರೆಯುವುದು, ಡಿಪೋಗೆ ತರುವುದು ಹೆಚ್ಚಾಗಿ ಹೆಂಗಸರು. ಸದಸ್ಯತ್ವ, ಪಾಸ್‌ಬುಕ್ ನೋಡಿದರೆ ಗಂಡಸರ ಹೆಸರು. ಗಂಡಸರು ಬೇಸರ ಮಾಡಬಾರದು, ಇದ್ದದ್ದನ್ನು ಹೇಳುತ್ತಿದ್ದೇವೆ. ನಮ್ಮ ನೆರೆಯ ಊರಿನ ಒಬ್ಬ ಹೈನುಗಾರರು ಒಂದು ಮಳೆಗಾಲದಲ್ಲಿ ಹಠಾತ್ ತೀರಿಹೋದರು. ಹಾಲಿನ ದುಡ್ಡು, ಅಡಿಕೆ ದುಡ್ಡು ಎಲ್ಲವೂ ಅವರೊಬ್ಬರದೇ ಖಾತೆಯಲ್ಲಿ. ನಾಮಿನಿ ಹೆಸರು ಬರೆಸಿರಲಿಲ್ಲ. ಮರಣ ಪತ್ರ, ವಾರಸುದಾರರ ಪತ್ರ, ಮುಂಬಯಿಯ ಮಗನ ಸಹಿ, ಮದುವೆಯಾಗಿ ಹೋದ ಮಗಳ ಸಹಿ, ವಯಸ್ಸಾದ ತಾಯಿಯ ಹೆಬ್ಬೆಟ್ಟು, ಇಷ್ಟೆಲ್ಲ ಒಟ್ಟಾಗಲು ಆರೇಳು ತಿಂಗಳು ಹಿಡಿಯಿತು. ಬ್ಯಾಂಕಿನವರದ್ದು ತಪ್ಪು ಎನ್ನಲಾಗದು, ಅವರಿಗೆ ಅವರ ಕಾನೂನು. ಆದರೆ ಆ ಆರು ತಿಂಗಳು ನಾಲ್ಕು ದನಗಳಿಗೆ ಆ ತಾಯಿ ಹಿಂಡಿ ತಂದದ್ದು ಸಾಲದಲ್ಲಿ. ಕೊನೆಗೆ ಎರಡು ಕರೆಯುವ ದನಗಳನ್ನು ಮಾರಿದರು. ಖಾತೆಯಲ್ಲಿ ದುಡ್ಡಿತ್ತು, ಕೈಯಲ್ಲಿ ಇರಲಿಲ್ಲ.

ಇದಕ್ಕೆ ಮದ್ದು ಬಹಳ ಸುಲಭ, ಖರ್ಚೂ ಇಲ್ಲ. ಗಂಡ ಹೆಂಡತಿ ಜಂಟಿ ಖಾತೆ ಮಾಡುವಾಗ ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬ ಕ್ರಮವನ್ನು ಕೇಳಿ ಬರೆಸಿ. ಇಂಗ್ಲಿಷಿನಲ್ಲಿ ‘ಈದರ್ ಆರ್ ಸರ್ವೈವರ್’ ಅಂತ ಅರ್ಜಿಯಲ್ಲಿ ಇರುತ್ತದೆ. ಇಬ್ಬರೂ ಬೇರೆ ಬೇರೆ ಸಹಿ ಹಾಕಿ ಹಣ ತೆಗೆಯಬಹುದು, ಒಬ್ಬರು ಇಲ್ಲದಾದರೆ ಇನ್ನೊಬ್ಬರಿಗೆ ತಡೆ ಇಲ್ಲ. ‘ಮೊದಲಿನವರು ಅಥವಾ ಉಳಿದವರು’ ಎಂದಾದರೆ ಮೊದಲಿನವರು ಇರುವಷ್ಟು ಕಾಲ ಅವರದ್ದೇ ಸಹಿ ನಡೆಯುವುದು. ‘ಇಬ್ಬರೂ ಸೇರಿ’ ಎಂದಾದರೆ ಪ್ರತಿ ಸಲವೂ ಎರಡು ಸಹಿ. ಅರ್ಜಿಯಲ್ಲಿ ಒಂದು ಚೌಕಕ್ಕೆ ಗುರುತು ಹಾಕುವ ಕೆಲಸ, ಆದರೆ ಒಂದು ಸಂಸಾರದ ಹಣೆಬರಹ ಅದರಲ್ಲಿ ಉಂಟು.

ಒಬ್ಬರದೇ ಖಾತೆ ಇದ್ದರೂ ನಾಮಿನಿ ಇರಲೇಬೇಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಬರೆಸಬಹುದು, ಯಾರಿಗೆ ಎಷ್ಟು ಪಾಲು ಎಂದೂ ಸೂಚಿಸಬಹುದು. ನಾಮಿನಿ ಎಂದರೆ ಹಣ ಪಡೆಯುವ ಅಧಿಕಾರ ಇರುವವರು, ಅಷ್ಟೇ. ಉಳಿದ ವಾರಸುದಾರರ ಹಕ್ಕು ಅದರಿಂದ ಹೋಗುವುದಿಲ್ಲ. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಂಡರೆ ಮತ್ತೆ ಜಗಳವಿಲ್ಲ.

ಹೆಂಗಸರಿಗೆ ಇನ್ನೊಂದು ಮಾತು. ಜಂಟಿ ಖಾತೆ ಇದ್ದರೂ ನಿಮ್ಮ ಸ್ವಂತ ಹೆಸರಿನ ಒಂದು ಮೂಲ ಉಳಿತಾಯ ಖಾತೆ ಇರಲಿ. 2023ರಲ್ಲಿ ಬಂದ ಗೃಹಲಕ್ಷ್ಮಿಯ ಎರಡು ಸಾವಿರ ಬರುವುದು ಮನೆಯ ಯಜಮಾನಿಯ ಖಾತೆಗೇ ತಾನೆ. ಸರಕಾರದ ಇಂಥ ದುಡ್ಡು ನೀವು ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಖಾತೆಗೇ ಬರುತ್ತದೆಂದು ಹೇಳಲಿಕ್ಕಾಗದು. ಆಧಾರ್ ಮೂಲಕ ಕಳುಹಿಸಿದ್ದು ‘ಎನ್.ಪಿ.ಸಿ.ಐ.’ ಪಟ್ಟಿಯಲ್ಲಿ ಕೊನೆಗೆ ಯಾವ ಬ್ಯಾಂಕು ದಾಖಲಾಗಿದೆಯೋ ಅಲ್ಲಿಗೆ ಹೋಗುತ್ತದೆ. ‘ಹಣ ಬರಲಿಲ್ಲ’ ಎಂದು ಪಂಚಾಯತಿಗೆ ಅಲೆಯುವವರಲ್ಲಿ ಕೆಲವರ ದುಡ್ಡು ಮರೆತುಹೋದ ಹಳೇ ಖಾತೆಯಲ್ಲಿ ತಣ್ಣಗೆ ಕೂತಿರುತ್ತದೆ. ಆದುದರಿಂದ ಹೊಸ ಖಾತೆ ತೆರೆಯುವಾಗ ‘ಆಧಾರ್ ಹಣ ಇದಕ್ಕೆ ಬರಬೇಕೋ, ಹಳೆಯದಕ್ಕೋ’ ಎಂದು ನೀವೇ ತೀರ್ಮಾನಿಸಿ ಹೇಳಿ, ಸುಮ್ಮನೆ ಎಲ್ಲ ಕಡೆ ಸಹಿ ಹಾಕಬೇಡಿ.

ಬ್ಯಾಂಕುಗಳು ಸೇರಿದ ವಿಷಯಕ್ಕೆ ಬರುವಾ. ಸಿಂಡಿಕೇಟ್ ಬ್ಯಾಂಕಿನ ಹಳೇ ಐ.ಎಫ್.ಎಸ್. ಸಂಖ್ಯೆ 2021ರ ಜುಲೈ 1ರಿಂದ ನಡೆಯುವುದಿಲ್ಲ. ಹಳೇ ಪಾಸ್‌ಬುಕ್ಕಿನ ಸಂಖ್ಯೆಯನ್ನೇ ಕೊಟ್ಟವರ ಹಣ ವಾಪಸಾಗಿ, ‘ಸಂಘದವರು ದುಡ್ಡು ಹಾಕಲಿಲ್ಲ’ ಎಂದು ನಮ್ಮ ಕಾರ್ಯದರ್ಶಿಯವರ ಹತ್ತಿರ ಜಗಳವಾದದ್ದುಂಟು. ನಮ್ಮ ಕಡೆಯ ಹಿಂದಿನ ನೇತ್ರಾವತಿ ಗ್ರಾಮೀಣ ಬ್ಯಾಂಕು 2005ರಲ್ಲಿ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, ಅದೂ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕು ಆಯಿತು. ಬ್ಯಾಂಕಿನ ಹೆಸರು ಬದಲಾದರೆ ಹೊಸ ಪಾಸ್‌ಬುಕ್ ತಂದು ಸಂಘದಲ್ಲಿ ತೋರಿಸಿ. ಎರಡು ವರ್ಷ ನಾವಾಗಿ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ನಮ್ಮ ಹಕ್ಕು ಹೋಗುವುದಿಲ್ಲ, ಕೇಳಿದರೆ ಕೊಡಬೇಕು. ಅಜ್ಜನ ಕಾಲದ ಪಾಸ್‌ಬುಕ್ ಅಟ್ಟದಲ್ಲಿ ಸಿಕ್ಕಿದರೆ ಬಿಸಾಡಬೇಡಿ. ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಎಂಬ ಜಾಲತಾಣದಲ್ಲಿ ಮಕ್ಕಳ ಹತ್ತಿರ ಹುಡುಕಿಸಬಹುದು. 2014-15ರಲ್ಲಿ ತೆರೆದ ಜನಧನ ಖಾತೆಗಳಿಗೆ ಹತ್ತು ವರ್ಷ ತುಂಬಿದೆ, ಅವಕ್ಕೆ ಮತ್ತೆ ಆಧಾರ್, ಫೋಟೋ ಕೊಡಬೇಕು. ಕೊಡದವರು ಶಾಖೆಗೆ ಹೋಗಿ ವಿಚಾರಿಸಿ.

ದುಬಾಯಿ, ಮಸ್ಕತ್, ಕತಾರಿನಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಬಹಳ. ಮಗ ಕೆಲಸಕ್ಕೆಂದು ಪರದೇಶದಲ್ಲಿ ನೆಲೆಸಿದ ಮೇಲೆ ಅವನ ಊರಿನ ಸಾದಾ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ, ಅದನ್ನು ‘ಎನ್.ಆರ್.ಓ.’ ಮಾಡಿಸಬೇಕು. ಊರಿನ ಅಡಿಕೆ, ಬಾಡಿಗೆ ದುಡ್ಡು ಅದಕ್ಕೆ. ಅಲ್ಲಿ ದುಡಿದು ಕಳುಹಿಸುವುದಕ್ಕೆ ‘ಎನ್.ಆರ್.ಇ.’ ಖಾತೆ. ಎನ್.ಆರ್.ಇ. ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ, ಎನ್.ಆರ್.ಓ. ಬಡ್ಡಿಯಲ್ಲಿ ಶೇಕಡಾ 30ಕ್ಕೂ ಮಿಕ್ಕಿ ಮೂಲದಲ್ಲೇ ಹಿಡಿಯುತ್ತಾರೆ. ಮನೆ ಖರ್ಚಿಗೆ ಕಳುಹಿಸುವ ದುಡ್ಡಾದರೆ ತಾಯಿಯ ಖಾತೆಗೇ ನೇರ ಬರಲಿ. ಅದು ತಾಯಿಗೂ ಒಂದು ಧೈರ್ಯ.

ಇನ್ನು ಒಂದು ಮಾತು ಸಹಕಾರಿಗಳಾದ ನಾವೇ ಹೇಳಬೇಕು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ ಐದು ಲಕ್ಷದವರೆಗೆ ವಿಮೆ ಉಂಟು, 2020ರ ಫೆಬ್ರವರಿ 4ರಿಂದ. ನಮ್ಮ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಂಥ ಸಹಕಾರಿ ಬ್ಯಾಂಕುಗಳಿಗೂ ಆ ವಿಮೆ ಉಂಟು. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘ, ಪತ್ತಿನ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ಊರಿನಲ್ಲಿ ನಾವು ಬಾಯಿಮಾತಿಗೆ ‘ಸಿ.ಎ. ಬ್ಯಾಂಕು’ ಎನ್ನುತ್ತೇವೆ, ಕಾನೂನಿನ ಪ್ರಕಾರ ಅದು ಸಂಘ. ಹಾಗೆಂದು ಅಲ್ಲಿ ಹಣ ಇಡಬಾರದೆಂದು ನಾವು ಹೇಳುತ್ತಿಲ್ಲ. ಮೊಳಹಳ್ಳಿ ಶಿವರಾಯರು ಕಟ್ಟಿ ಬೆಳೆಸಿದ ಸಹಕಾರದ ಜಿಲ್ಲೆ ಇದು, ನಮ್ಮ ಬೆಳೆಸಾಲ ಬಡ್ಡಿಯಿಲ್ಲದೆ ಸಿಗುವುದೂ ಅಂಥ ಸಂಘಗಳಿಂದಲೇ. ಆದರೆ ಅಲ್ಲಿ ವಿಮೆ ಎಂದರೆ ನಮ್ಮ ಕಣ್ಣು. ಮಹಾಸಭೆಗೆ ಹೋಗಬೇಕು, ಆಡಿಟ್ ವರದಿ ಕೇಳಬೇಕು, ಸಾಲ ವಸೂಲಿ ಎಷ್ಟು ಎಂದು ವಿಚಾರಿಸಬೇಕು. ಊಟ ಮಾಡಿ, ಗಿಫ್ಟ್ ತೆಗೆದುಕೊಂಡು ಬರುವ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕಿದ್ದೂ ಇಲ್ಲದ ಹಾಗೆ. ದೊಡ್ಡ ಮೊತ್ತವಿದ್ದರೆ ಒಂದೇ ಕಡೆ ಇಡದಿರುವುದೂ ಜಾಣತನ.

ಕೊನೆಗೆ, ಖಾತೆ ತೆರೆಯುವ ಮೊದಲು ಐದು ಪ್ರಶ್ನೆ ಕೇಳಿ. ಕನಿಷ್ಠ ಶಿಲ್ಕು ಎಷ್ಟು, ಕಡಿಮೆಯಾದರೆ ದಂಡ ಎಷ್ಟು? ಕಾರ್ಡು, ಎಸ್.ಎಂ.ಎಸ್.ಗೆ ವರ್ಷಕ್ಕೆ ಎಷ್ಟು ಹಿಡಿಯುತ್ತೀರಿ? ತಿಂಗಳಿಗೆ ಎಷ್ಟು ಸಲ ಖರ್ಚಿಲ್ಲದೆ ತೆಗೆಯಬಹುದು? ನಾಮಿನಿ ಬರೆದದ್ದು ಪಾಸ್‌ಬುಕ್ಕಿನಲ್ಲಿ ನಮೂದಾಗಿದೆಯೇ? ಆಧಾರ್ ಹಣ ಯಾವ ಖಾತೆಗೆ ಬರುತ್ತದೆ? ಕೇಳಲು ನಾಚಿಕೆ ಬೇಡ. ಎಸ್.ಎಸ್.ಎಲ್.ಸಿ. ಕಲಿತ ನಮಗೂ ಬ್ಯಾಂಕಿನ ಅರ್ಜಿ ಕಷ್ಟವೇ. ದನ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ, ಎಷ್ಟನೇ ಕರು ಎಂದು ಕೇಳುತ್ತೇವೆ. ಖಾತೆಗೆ ಅಷ್ಟಾದರೂ ವಿಚಾರಣೆ ಬೇಡವೇ?

ಇಂದಿನಿಂದ ಒಂದು ತಿಂಗಳ ಒಳಗೆ ಪ್ರತಿ ಸದಸ್ಯರೂ ತಮ್ಮ ಪಾಸ್‌ಬುಕ್ ತೆಗೆದು ನಾಮಿನಿಯ ಹೆಸರು ಉಂಟೋ ಎಂದು ನೋಡಿಕೊಳ್ಳಬೇಕೆಂದು ಕೈಮುಗಿದು ವಿನಂತಿ. ಇಲ್ಲದಿದ್ದವರು ಡಿಪೋದಲ್ಲಿ ತಿಳಿಸಿದರೆ ಅರ್ಜಿ ತುಂಬಲು ನಾವು ನಿರ್ದೇಶಕರು, ಸಿಬ್ಬಂದಿ ಎಲ್ಲರೂ ಸಹಾಯ ಮಾಡುತ್ತೇವೆ. 

ಜೈ ಹಿಂದ್, ಜೈ ಸಹಕಾರ.